ಕಡಲಿಂದ ಕಡಲಿಗೆ ಸೈಕಲ್: ಹೊರೆ ಯಾರದು?

ಹೊರಡುವಾಗ ಸೈಕಲ್ಲಿನ ಹಿಂದಿನ ಚಕ್ರವನ್ನು ಒಂದು ಸಮುದ್ರದಲ್ಲಿ ಅದ್ದಬೇಕು, ಮುಟ್ಟಿದ ಮೇಲೆ ಮುಂದಿನ ಚಕ್ರವನ್ನು ಇನ್ನೊಂದು ಸಮುದ್ರದಲ್ಲಿ ಅದ್ದಬೇಕು. ಇಂಗ್ಲೆಂಡಿನ ‘ಸೀ ಟು ಸೀ’ ಹಾದಿಯಲ್ಲಿ ಹೋಗುವವರು ಪಾಲಿಸುವ ಪದ್ಧತಿ ಇದು. ಪಶ್ಚಿಮದಲ್ಲಿ ಐರಿಷ್ ಸಮುದ್ರದ ದಂಡೆಯ ವೈಟ್‌ಹೇವನ್‌ನಿಂದ ಪೂರ್ವದಲ್ಲಿ ಉತ್ತರ ಸಮುದ್ರದ ಟೈನ್‌ಮೌತ್ ಅಥವಾ ಸಂಡರ್‌ಲ್ಯಾಂಡ್‌ವರೆಗೆ ಸುಮಾರು 225 ಕಿಲೋಮೀಟರ್. ಮೂರು ನಾಲ್ಕು ದಿನದ ದಾರಿ. ಇಂಥ ಹಾದಿಗಳಿಗೆ ಈಗ ಗೈಡ್ ಸಮೇತ ಪ್ಯಾಕೇಜುಗಳಿವೆ. ಮುಂದೆ ಒಬ್ಬ ದಾರಿ ತೋರಿಸುವವನು, ಹಿಂದೆ ಒಂದು ವ್ಯಾನು, ಮಧ್ಯದಲ್ಲಿ ಹತ್ತು ಹನ್ನೆರಡು ಮಂದಿ ರಜೆ ಹಾಕಿ ಬಂದವರು. ಸಂಜೆ ಹೋಟೆಲ್ ತಲುಪಿದಾಗ ನಿಮ್ಮ ಬ್ಯಾಗು ನಿಮಗಿಂತ ಮೊದಲೇ ಕೋಣೆಯಲ್ಲಿರುತ್ತದೆ.

ನನ್ನ ಗಮನ ಆ ಬ್ಯಾಗಿನ ಮೇಲೆ. ವೃತ್ತಿಯಿಂದ ನಾನು ಐಟಿ ಪ್ರಾಜೆಕ್ಟ್ ಮ್ಯಾನೇಜರ್. ಯಾವ ಯೋಜನೆ ಕಂಡರೂ ಅದರಲ್ಲಿನ ಕೆಲಸ ಎಲ್ಲಿ ಹೋಯಿತು ಎಂದು ಹುಡುಕುವ ಚಟ ಅಂಟಿಕೊಂಡುಬಿಟ್ಟಿದೆ. ಕೆಲಸ ಎಂದೂ ಮಾಯವಾಗುವುದಿಲ್ಲ, ಬೇರೆಯವರ ಹೆಸರಿಗೆ ಅಸೈನ್ ಆಗುತ್ತದೆ, ಅಷ್ಟೆ. ಕಡಲಿಂದ ಕಡಲಿಗೆ ಸೈಕಲ್ ತುಳಿಯುವುದರ ಸುಮಾರು ನೂರ ನಲವತ್ತು ವರ್ಷಗಳ ಇತಿಹಾಸವನ್ನು ಹೀಗೆ ಹೊರೆಯ ಲೆಕ್ಕದಲ್ಲಿ ಓದಿದರೆ ಏನು ಕಾಣುತ್ತದೆ ಎಂಬುದು ಈ ಬರಹದ ವಿಷಯ.

ಮೊದಲಿಗೆ ಥಾಮಸ್ ಸ್ಟೀವನ್ಸ್. 1884ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಆಗಸ್ಟ್ 4ರಂದು ಬಾಸ್ಟನ್ ಮುಟ್ಟಿದವನು. ಅಮೆರಿಕವನ್ನು ಕರಾವಳಿಯಿಂದ ಕರಾವಳಿಗೆ ಸೈಕಲ್ಲಿನಲ್ಲಿ ದಾಟಿದ ಮೊದಲಿಗ. ಅವನದು ಮುಂದೆ ಆಳೆತ್ತರಕ್ಕೆ ಹತ್ತಿರದ ದೊಡ್ಡ ಚಕ್ರ, ಹಿಂದೆ ಪುಟ್ಟ ಚಕ್ರ ಇದ್ದ ಹಳೆಯ ಕಾಲದ ಗಾಡಿ. ಟೈರು ಗಟ್ಟಿ ರಬ್ಬರಿನದು, ಗಾಳಿ ತುಂಬುವ ಟೈರು ಇನ್ನೂ ಬಂದಿರಲಿಲ್ಲ. ಅವನ ಸಾಮಾನು ಇಷ್ಟು: ಕಾಲುಚೀಲ, ಒಂದು ಹೆಚ್ಚುವರಿ ಅಂಗಿ, ರಾತ್ರಿ ಡೇರೆಯೂ ಹಾಸಿಗೆಯೂ ಆಗುವ ಒಂದು ಮಳೆಕೋಟು, ಒಂದು ರಿವಾಲ್ವರು. ಸುಮಾರು 3,700 ಮೈಲು ದಾರಿಯಲ್ಲಿ ಮೂರನೇ ಒಂದು ಪಾಲನ್ನು ಅವನು ಸೈಕಲ್ ತಳ್ಳಿಕೊಂಡು, ಎತ್ತಿಕೊಂಡು ನಡೆದೇ ಕಳೆದ. ಹೊರೆ ಪೂರ್ತಿ ಅವನದೇ.

ಪೂರ್ತಿ ಎಂದೆನಾದರೂ ಅದು ನಿಜವಲ್ಲ. ರಸ್ತೆಯೇ ಇಲ್ಲದ ಕಡೆ ಸ್ಟೀವನ್ಸ್ ರೈಲು ಹಳಿಗಳ ಪಕ್ಕದಲ್ಲಿ ಸಾಗಿದ. ಸಿಯೆರಾ ನೆವಾಡಾ ಪರ್ವತಗಳನ್ನು ದಾಟುವಾಗ ಹಿಮ ಬೀಳದಂತೆ ಹಳಿಗಳ ಮೇಲೆ ಕಟ್ಟಿದ್ದ ಮರದ ಚಪ್ಪರಗಳ ಒಳಗೆ ನಡೆದ. 1869ರಲ್ಲಿ ಮುಗಿದ ಆ ರೈಲುಮಾರ್ಗದ ಪಶ್ಚಿಮ ಭಾಗವನ್ನು ಬಂಡೆ ಸಿಡಿಸಿ ಕಟ್ಟಿದವರಲ್ಲಿ ಬಹುಪಾಲು ಜನ ಚೀನೀ ಕೂಲಿಗಳು. ಮುಂದೆ 1886ರಲ್ಲಿ ಇದೇ ಸ್ಟೀವನ್ಸ್ ನಮ್ಮ ದೇಶಕ್ಕೂ ಬಂದು ಲಾಹೋರಿನಿಂದ ಕಲ್ಕತ್ತೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ತುಳಿದ. ಬೆನ್ನ ಮೇಲಿನ ಹೊರೆ ಒಂದು, ಕಾಲ ಕೆಳಗಿನ ಹೊರೆ ಇನ್ನೊಂದು. ಎರಡನೆಯದನ್ನು ಒಂಟಿ ಸಾಹಸಿಯೂ ಹೊತ್ತದ್ದಿಲ್ಲ.

ಸೈಕಲ್ ರಜೆ ಎಂಬುದು ಅಷ್ಟರಲ್ಲಾಗಲೇ ಇಂಗ್ಲೆಂಡಿನಲ್ಲಿ ಹುಟ್ಟಿತ್ತು. 1878ರಲ್ಲಿ ಅಲ್ಲಿ ಬೈಸಿಕಲ್ ಟೂರಿಂಗ್ ಕ್ಲಬ್ ಶುರುವಾಯಿತು, 1883ರಲ್ಲಿ ಅದರ ಹೆಸರು ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದಾಯಿತು. ಕ್ಲಬ್ಬಿನವರು ಊರೂರಿನ ಹೋಟೆಲುಗಳ ಜೊತೆ ಮಾತಾಡಿ ಸದಸ್ಯರಿಗೆ ದರ ಗೊತ್ತು ಮಾಡಿದರು. ಒಪ್ಪಿದ ಹೋಟೆಲಿನ ಗೋಡೆಗೆ ರೆಕ್ಕೆಯಿರುವ ಚಕ್ರದ ಫಲಕ ಬಿತ್ತು. ಇಂದಿನ ಪ್ಯಾಕೇಜಿನ ಬೀಜ ಅಲ್ಲಿದೆ. 1885ರಲ್ಲಿ ಎರಡೂ ಚಕ್ರ ಸಮವಾಗಿರುವ ರೋವರ್ ಸೈಕಲ್ ಬಂತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಗುಮಾಸ್ತರು, ಶಿಕ್ಷಕರು, ಹೆಂಗಸರು ಭಾನುವಾರ ಊರಾಚೆ ಹೋಗತೊಡಗಿದರು. ಅದು ಒಂದು ದೊಡ್ಡ ಬಿಡುಗಡೆಯೇ ಸರಿ. ಆದರೆ ಆ ಟೈರುಗಳಿಗೆ ರಬ್ಬರು ಬೇಕಿತ್ತು. ಬೇಡಿಕೆ ಏರಿದ ಅದೇ 1890ರ ದಶಕದಲ್ಲಿ ಬೆಲ್ಜಿಯಂ ದೊರೆ ಲಿಯೋಪೋಲ್ಡನ ಖಾಸಗಿ ಆಸ್ತಿಯಂತಿದ್ದ ಕಾಂಗೋದಲ್ಲಿ, ಕಾಡುರಬ್ಬರು ತರದ ಹಳ್ಳಿಗರ ಕೈ ಕತ್ತರಿಸುವ ಆಡಳಿತ ನಡೆಯುತ್ತಿತ್ತು. ಇಂಗ್ಲೆಂಡಿನ ಹಳ್ಳಿಯ ದಾರಿಯಲ್ಲಿ ಗಾಡಿ ಹಗುರಾಗಿ ಓಡುವುದಕ್ಕೆ ದೂರದ ಕಾಡಿನಲ್ಲಿ ಯಾರೋ ಬೆಲೆ ತೆತ್ತರು.

ಭಾರತದ ಹಳ್ಳಿಗಾಡನ್ನು ಸೈಕಲ್ ಮೇಲೆ ನೋಡುವ ರಜೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಅಮೆರಿಕದ ದಂಪತಿ, ಫ್ಯಾನಿ ಬುಲ್ಲಕ್ ವರ್ಕ್‌ಮನ್ ಮತ್ತು ವಿಲಿಯಂ ಹಂಟರ್ ವರ್ಕ್‌ಮನ್. 1897ರ ಕೊನೆಯಲ್ಲಿ ಶುರುಮಾಡಿ ದಕ್ಷಿಣದ ತುದಿಯಿಂದ ಹಿಮಾಲಯದವರೆಗೆ ತುಳಿದರು. 1904ರಲ್ಲಿ ಬಂದ ಅವರ ‘ಥ್ರೂ ಟೌನ್ ಅಂಡ್ ಜಂಗಲ್’ ಪುಸ್ತಕದ ಉಪಶೀರ್ಷಿಕೆಯೇ ಹದಿನಾಲ್ಕು ಸಾವಿರ ಮೈಲಿನ ಲೆಕ್ಕ ಹೇಳುತ್ತದೆ. ಚಹಾ, ಸಕ್ಕರೆ, ಬಿಸ್ಕತ್ತು, ಡಬ್ಬಿಯ ಮಾಂಸ, ಒಂದೊಂದು ಕಂಬಳಿ, ರಿಪೇರಿ ಸಾಮಾನು ಅವರ ಗಾಡಿಯಲ್ಲಿರುತ್ತಿದ್ದವು. ಮುಳ್ಳಿನ ದಾರಿಯಲ್ಲಿ ಒಂದೇ ದಿನ ನಲವತ್ತು ಪಂಕ್ಚರ್ ಆದದ್ದೂ ಉಂಟು. ಅವರು ಮೈಗಳ್ಳರಲ್ಲ. ಆದರೂ ಸಾಧ್ಯವಾದಷ್ಟು ರೈಲುಮಾರ್ಗದ ಹತ್ತಿರದಲ್ಲೇ ಸಾಗಿದರು. ರಾತ್ರಿಗೆ ಸರ್ಕಾರಿ ಬಂಗಲೆ, ಅದಿಲ್ಲದಿದ್ದರೆ ರೈಲ್ವೆಯ ವೆಯ್ಟಿಂಗ್ ರೂಮು. ವಸಾಹತು ಸರ್ಕಾರ ತನ್ನ ಅಧಿಕಾರಿಗಳಿಗಾಗಿ ಹಾಕಿದ ಜಾಲವೇ ಅವರಿಗೆ ಸಪೋರ್ಟ್ ವ್ಯಾನ್ ಆಯಿತು. ಅದೇ ದಂಪತಿ ಹಿಮಾಲಯಕ್ಕೆ ಹತ್ತಿದಾಗ ಸಾಮಾನು ಹೊರಲು ಸ್ಥಳೀಯ ಕೂಲಿಗಳು ಬೇಕಾದರು. ಅವರೊಡನೆ ಜಗಳಗಳೂ ನಡೆದವು. ದಂಪತಿಯ ಹೆಸರು ಪುಸ್ತಕದ ಮುಖಪುಟದಲ್ಲಿದೆ, ಹೊತ್ತವರು ‘ಕೂಲಿಗಳು’ ಎಂಬ ಬಹುವಚನದಲ್ಲಿ ಉಳಿದರು.

ಇಲ್ಲಿಂದ ನಮ್ಮ ಮುಂಬಯಿಗೆ ಬರೋಣ. ನಾನಿರುವ ವಿಕ್ರೋಳಿಯ ನಡುವೆ ಹಾದುಹೋಗುವ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗವನ್ನು ಹಿರಿಯರು ಇನ್ನೂ ಆಗ್ರಾ ರೋಡ್ ಎನ್ನುತ್ತಾರೆ. ಊರಿನಿಂದ ಠಾಣೆ ದಾಟಿ ಉತ್ತರ ಭಾರತಕ್ಕೆ ಹೋಗುವ ಹಳೆಯ ನೆಲದ ದಾರಿ ಅದು. ಅದಕ್ಕೆ ಸಮಾನಾಂತರವಾಗಿ 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಇದೇ ಊರಿನಿಂದ 1923ರ ಅಕ್ಟೋಬರ್ 15ರಂದು ಆರು ಪಾರ್ಸಿ ಯುವಕರು ಸೈಕಲ್ ಹತ್ತಿ ಭೂಮಿ ಸುತ್ತಲು ಹೊರಟರು. ಎಲ್ಲರೂ ಬಾಂಬೆ ವೇಟ್‌ಲಿಫ್ಟಿಂಗ್ ಕ್ಲಬ್ಬಿನ ಸದಸ್ಯರು, ತೂಕ ಎತ್ತಿ ಪಳಗಿದವರು. ಯೂರೋಪಿನಿಂದ ಭಾರತಕ್ಕೆ ನಡೆದುಬಂದ ಫ್ರೆಂಚನೊಬ್ಬ 1920ರಲ್ಲಿ ಓವಲ್ ಮೈದಾನದಲ್ಲಿ ಮಾಡಿದ ಭಾಷಣ ಅವರ ತಲೆ ಕೆಡಿಸಿತ್ತು.

ಅವರ ಜೊತೆ ಗೈಡ್ ಇರಲಿಲ್ಲ, ವ್ಯಾನೂ ಇರಲಿಲ್ಲ. ಇರಾನ್ ದಾಟಿ, ಬಾಗ್ದಾದಿನಿಂದ ಅಲೆಪ್ಪೋವರೆಗಿನ ಮರುಭೂಮಿ ದಾಟಿ, ಯೂರೋಪ್ ದಾಟಿ, ಅಮೆರಿಕವನ್ನು ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ ತುಳಿದು, ಜಪಾನ್, ಕೊರಿಯಾ, ಚೀನಾ ನೋಡಿಕೊಂಡು 1928ರ ಮಾರ್ಚ್ 18ರಂದು ಮುಂಬಯಿಗೆ ಮರಳಿದಾಗ ಅವರಲ್ಲಿ ಉಳಿದಿದ್ದವರು ಮೂವರು: ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಮ್ ಭುಮ್‌ಗರಾ. ಸುಮಾರು 71,000 ಕಿಲೋಮೀಟರ್. 1931ರಲ್ಲಿ ಅವರ ಪುಸ್ತಕ ಬಂತು, ಮುನ್ನುಡಿ ಬರೆದವರು ಜವಾಹರಲಾಲ್ ನೆಹರೂ. 1924ರಲ್ಲಿ ಫ್ರಾಮ್‌ರೋಜ್ ದಾವರ್ ಹೊರಟ. 1933ರಲ್ಲಿ ಕೇಕಿ ಖರಾಸ್, ರುಸ್ತಮ್ ಗಾಂಧಿ, ರತನ್ ಶ್ರಾಫ್ ಎಂಬ ಇನ್ನೂ ಮೂವರು ಹೊರಟು 1942ರಲ್ಲಿ ಮರಳಿದರು.

ಈ ಹುಡುಗರದು ರಜೆಯಲ್ಲ, ಒಂದು ವಾದ. ಭಾರತೀಯನ ಮೈ ದುರ್ಬಲ, ಅವನು ಆಳಿಸಿಕೊಳ್ಳಲು ಹುಟ್ಟಿದವನು ಎಂದು ಆಳುವವರು ಹೇಳುತ್ತಿದ್ದ ಕಾಲ. ಅಲ್ಲಿಯವರೆಗೆ ನಮ್ಮ ಮೈ ಹೊರುತ್ತಿದ್ದದ್ದು ಬೇರೆಯವರ ಸಾಮಾನು. ಇವರು ತಮ್ಮ ಸಾಮಾನನ್ನು ತಾವೇ ಹೊತ್ತು, ತಮಗೆ ಬೇಕಾದ ಕಡೆ ಹೋದರು. ಒಂದು ಸೌಲಭ್ಯ ಅವರಿಗೂ ಇತ್ತು ಎನ್ನುವುದನ್ನು ಮರೆಯಬಾರದು. ನಾಲ್ಕೂವರೆ ವರ್ಷ ದುಡಿಮೆ ಬಿಟ್ಟು ಹೋಗಬಲ್ಲವರು ಅಂದಿನ ಮುಂಬಯಿಯಲ್ಲಿ ಎಷ್ಟು ಜನ ಇದ್ದಾರು?

ಏಕೆಂದರೆ ಉಳಿದವರಿಗೆ ಸೈಕಲ್ ಎಂದರೆ ಹೊರೆಯ ಗಾಡಿಯೇ. ಡಬ್ಬಾವಾಲಾ, ಹಾಲಿನವ, ಪಾವ್ ಮಾರುವವ, ಹಾರ್ನ್ ಒತ್ತುತ್ತಾ ಇಡ್ಲಿ ತರುವವ. ಊರುಗಳಲ್ಲೂ ಹಾಗೆಯೇ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೇಶದ ಕಾರ್ಖಾನೆಗಳು ಶುರುವಾದವು: 1949ರಲ್ಲಿ ಮದರಾಸಿನ ಟಿಐ ಸೈಕಲ್ಸ್, 1951ರಲ್ಲಿ ಸೋನೇಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. ಕರ್ನಾಟಕದ ಸಣ್ಣ ಊರುಗಳಿಗೆ ಸೈಕಲ್ ಬಂದ ಬಗೆ ನಮ್ಮ ಮನೆಗಳಲ್ಲೇ ನೆನಪಿದೆ. ಮೇಷ್ಟರು, ಅಂಚೆಯಣ್ಣ, ಗ್ರಾಮಸೇವಕ, ಕ್ಯಾರಿಯರ್ ಮೇಲೆ ಭತ್ತದ ಮೂಟೆ, ಬಾರ್ ಮೇಲೆ ಮಗು, ರಾತ್ರಿ ದೀಪವಿಲ್ಲದಿದ್ದರೆ ಪೊಲೀಸರ ದಂಡ, ವರ್ಷಕ್ಕೊಮ್ಮೆ ಪುರಸಭೆಗೆ ತೆರಿಗೆ ಕಟ್ಟಿ ತಂದ ಬಿಲ್ಲೆ. ನಮ್ಮಂಥವರು ಓದಿ ಮುಂದೆ ಬಂದದ್ದು ಎಂದರೆ ಸೈಕಲ್ಲಿನಿಂದ ಇಳಿದದ್ದು ಎಂದೇ ಅರ್ಥ. ಮೊದಲು ಸ್ಕೂಟರು, ಆಮೇಲೆ ಕಾರು. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿದಾಗಲೂ ಉದ್ದೇಶ ಸ್ಪಷ್ಟವಿತ್ತು. ಶಾಲೆ ದೂರ ಇದೆ, ಹೆಣ್ಣುಮಕ್ಕಳು ಶಾಲೆ ಬಿಡಬಾರದು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಸೈಕಲ್ ಇನ್ನೊಂದು ದಿಕ್ಕು ಹಿಡಿದಿತ್ತು. 1976ರಲ್ಲಿ ಆ ದೇಶಕ್ಕೆ ಇನ್ನೂರು ವರ್ಷ ತುಂಬಿದಾಗ ‘ಬೈಕ್‌ಸೆಂಟೆನಿಯಲ್’ ಎಂಬ ಸಾಮೂಹಿಕ ಯಾನ ನಡೆಯಿತು. ಪೆಸಿಫಿಕ್ ದಂಡೆಯ ಆರೆಗಾನ್‌ನಿಂದ ಅಟ್ಲಾಂಟಿಕ್ ಕಡೆಯ ವರ್ಜೀನಿಯಾವರೆಗೆ ಸುಮಾರು 6,800 ಕಿಲೋಮೀಟರ್. ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗಳನ್ನೇ ಹುಡುಕಿ ನಕ್ಷೆ ಮಾಡಿದ್ದರು. ತರಬೇತಿ ಪಡೆದ ನಾಯಕರ ಹಿಂದೆ ಸಣ್ಣ ಸಣ್ಣ ಗುಂಪುಗಳು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದರು. ಗೈಡ್ ಸಮೇತ ಕರಾವಳಿಯಿಂದ ಕರಾವಳಿಗೆ ಎಂಬ ರಜೆಗೆ ಒಂದು ರೂಪ ಕೊಟ್ಟದ್ದು ಇದು. ಆದರೆ ಅಲ್ಲಿ ಗೈಡ್ ಇದ್ದರೂ ಹೊರೆ ಸವಾರನದೇ ಇತ್ತು, ಬಟ್ಟೆಬರೆಯ ಚೀಲ ಚಕ್ರದ ಎರಡೂ ಬದಿಗೆ ತೂಗುತ್ತಿತ್ತು. ಚೀಲ ವ್ಯಾನಿಗೆ ಹತ್ತಿದ್ದು ವಸತಿಯಿಂದ ವಸತಿಗೆ ಕರೆದೊಯ್ಯುವ ಪ್ರವಾಸ ಕಂಪನಿಗಳ ದೆಸೆಯಿಂದ. ಇಂಗ್ಲೆಂಡಿನ ಸೀ ಟು ಸೀ ಹಾದಿ 1994ರಲ್ಲಿ ತೆರೆಯಿತು. ಅದರ ಪೂರ್ವ ಭಾಗದ ಬಹಳಷ್ಟು ದಾರಿ ಕಲ್ಲಿದ್ದಲು, ಕಬ್ಬಿಣ ಸಾಗಿಸುತ್ತಿದ್ದ ಹಳೆಯ ರೈಲುಹಳಿಗಳನ್ನು ಕಿತ್ತ ಜಾಗ. ಗಣಿ ಮುಚ್ಚಿತು, ಉಕ್ಕಿನ ಕಾರ್ಖಾನೆ ಮುಚ್ಚಿತು, ಹೊರೆ ಹೋದ ದಾರಿಯಲ್ಲಿ ರಜೆ ಬಂತು. ಅದನ್ನು ಅವರು ಮುಚ್ಚಿಟ್ಟಿಲ್ಲ. ದಾರಿಯುದ್ದಕ್ಕೂ ಆ ಕಥೆ ಹೇಳುವ ಶಿಲ್ಪಗಳು, ಫಲಕಗಳು ಇವೆ.

ನಮ್ಮಲ್ಲಿ ಬೆಂಗಳೂರಿನ ಸೈಕಲ್ ಪ್ರಿಯರು 2008ರಲ್ಲಿ ‘ಟೂರ್ ಆಫ್ ನೀಲಗಿರೀಸ್’ ಆರಂಭಿಸಿದರು. ಕರ್ನಾಟಕ, ಕೇರಳ, ತಮಿಳುನಾಡುಗಳ ಘಟ್ಟಗಳಲ್ಲಿ ವಾರದ ಆಸುಪಾಸು ತುಳಿಯುವ ಯಾನ. ನೀರಿನ ನಿಲ್ದಾಣ, ಮೆಕ್ಯಾನಿಕ್, ಬೆಂಬಲದ ವಾಹನ ಎಲ್ಲವೂ ಇರುವಂಥದ್ದು. ಅದು ಘಟ್ಟದ ಸುತ್ತು. ಕಡಲಿಂದ ಕಡಲಿಗೆ ಹೋಗಬೇಕೆಂದರೆ ಕನ್ನಡ ನಾಡಿನ ಮಧ್ಯೆ ಹಾಯುವ ಒಂದು ಒಳ್ಳೆಯ ದಾರಿ ಇದೆ: ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಅಲ್ಲಿಂದ ಗುತ್ತಿ, ಕಡಪಾ, ನೆಲ್ಲೂರು, ಬಂಗಾಳ ಕೊಲ್ಲಿ. ಏಳೂವರೆ ನೂರು ಕಿಲೋಮೀಟರಿನ ಆಸುಪಾಸು, ದಿನಕ್ಕೆ ನೂರರಂತೆ ಎಂಟು ದಿನ. ಕಷ್ಟವೆಲ್ಲ ಮೊದಲ ದಿನವೇ ಮುಗಿಯುತ್ತದೆ. ಘಟ್ಟ ಹತ್ತಿದ ಮೇಲೆ ಪ್ರಸ್ಥಭೂಮಿ ಒಟ್ಟಾರೆ ಪೂರ್ವಕ್ಕೇ ಇಳಿಜಾರು. ಇಂಗ್ಲೆಂಡಿನವರು ಪಶ್ಚಿಮದಿಂದ ಪೂರ್ವಕ್ಕೆ ಹೋಗುವುದು ಬೆನ್ನ ಹಿಂದಿನ ಗಾಳಿಗಾಗಿ. ನಮಗೆ ಆ ಗಾಳಿ ಸಿಗುವುದು ಮಳೆಗಾಲದಲ್ಲಿ. ಚಳಿಗಾಲದಲ್ಲಿ ಈಶಾನ್ಯದ ಗಾಳಿ ಎದೆಗೇ ಬಡಿಯುತ್ತದೆ.

ಈ ದಾರಿಯಲ್ಲಿ ಹಿಂದೆ ಏನೇನು ಹೋಗಿದೆ? ಮೊದಲು ಉಪ್ಪು. ಗೋಕರ್ಣದ ಬಳಿಯ ಸಾಣಿಕಟ್ಟಾದಂಥ ಆಗರಗಳ ಉಪ್ಪು ಹೇರೆತ್ತುಗಳ ಬೆನ್ನೇರಿ ಘಟ್ಟ ಹತ್ತುತ್ತಿತ್ತು, ಧಾನ್ಯ ಇಳಿಯುತ್ತಿತ್ತು. ಆ ಎತ್ತುಗಳ ಹಿಂದೆ ನಡೆದವರು ಲಂಬಾಣಿಗಳು. ಕಡಲಿಗೂ ಬಯಲಿಗೂ ನಡುವೆ ಶತಮಾನಗಳ ಕಾಲ ಗೈಡ್ ಎಂದರೆ ಅವರೇ. ಆಮೇಲೆ ಹತ್ತಿ. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಕಾರವಾರ ಬಂದರು ಮತ್ತು ಅದಕ್ಕೆ ಇಳಿಯುವ ಘಟ್ಟದ ರಸ್ತೆಗಳ ಕೆಲಸಕ್ಕೆ ವೇಗ ಬಂದದ್ದು ಆಗ. 1930ರಲ್ಲಿ ಅದೇ ಅಂಕೋಲಾ ಕರ್ನಾಟಕದ ಉಪ್ಪಿನ ಸತ್ಯಾಗ್ರಹದ ಮುಖ್ಯ ಕೇಂದ್ರವಾಯಿತು. ಕೊನೆಗೆ ಅದಿರು. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಯಿಂದ ಹೊರಟ ಲಾರಿಗಳು ಇದೇ ದಾರಿಯಲ್ಲಿ ಬಂದು ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರಿನಲ್ಲಿ ಹೊರೆ ಇಳಿಸಿದವು. 2010ರಲ್ಲಿ ಅಲ್ಲಿ ಜಪ್ತಿ ಮಾಡಿದ್ದ ಅದಿರೇ ನಾಪತ್ತೆಯಾಯಿತು. ಮರುವರ್ಷ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಸರ್ಕಾರದ ಮುಖ್ಯಸ್ಥರೇ ಬದಲಾದರು. ಇಷ್ಟು ಇತಿಹಾಸ ಎಂಟು ದಿನದ ದಾರಿಯಲ್ಲಿ ಬಿದ್ದಿದೆ. ಅದನ್ನು ಹೇಳಬಲ್ಲ ಗೈಡ್ ಸಿಕ್ಕರೆ ಕೊಟ್ಟ ಹಣ ಸಾರ್ಥಕ.

ಈ ಹೋಲಿಕೆಯನ್ನು ಇಟ್ಟುಕೊಂಡು ಮತ್ತೆ ವಿಕ್ರೋಳಿಗೆ ಬಂದರೆ, ನಮ್ಮ ಸುತ್ತ ಎರಡು ಬಗೆಯ ಸೈಕಲ್ಲುಗಳು ಕಾಣುತ್ತವೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕೈಬೆರಳಲ್ಲಿ ಎತ್ತಬಹುದಾದ ಕಾರ್ಬನ್ ಗಾಡಿಗಳು ಭಾನುವಾರಕ್ಕೆ ಕಾಯುತ್ತವೆ. ಹೊರಗೆ ಕನ್ನಮ್ವಾರ್ ನಗರ, ಟ್ಯಾಗೋರ್ ನಗರದ ಗಲ್ಲಿಗಳಲ್ಲಿ ಬೆಳಗಿನ ಐದೂವರೆಗೇ ಪಾವ್, ಹಾಲು, ಇಡ್ಲಿ ಹೊತ್ತ ಕಬ್ಬಿಣದ ಗಾಡಿಗಳು ಓಡುತ್ತಿರುತ್ತವೆ. ಮೊದಲನೆಯವನು ಹೆಲ್ಮೆಟ್ ಹಾಕಿದ ‘ಸೈಕ್ಲಿಸ್ಟ್’. ಎರಡನೆಯವನಿಗೆ ಆ ಹೆಸರಿಲ್ಲ. ಆದರೆ ರಸ್ತೆಯ ಲೆಕ್ಕದಲ್ಲಿ ಇಬ್ಬರೂ ಒಂದೇ, ಇಬ್ಬರಿಗೂ ಜಾಗವಿಲ್ಲ. ಸಮುದ್ರವೇ ಈ ನಗರದ ಹೆಗ್ಗಳಿಕೆ. ಆದರೂ 2009ರಲ್ಲಿ ತೆರೆದ ಬಾಂದ್ರಾ-ವರ್ಲಿ ಸೀ ಲಿಂಕ್ ಆಗಲಿ, 2024ರಲ್ಲಿ ತೆರೆದ ಅಟಲ್ ಸೇತು ಮತ್ತು ಕೋಸ್ಟಲ್ ರೋಡ್ ಆಗಲಿ, ಸೈಕಲ್ಲಿಗೆ ಪ್ರವೇಶ ಕೊಟ್ಟಿಲ್ಲ. ಕಡಲ ಮೇಲೆ ಕಟ್ಟಿದ ರಸ್ತೆಗಳಲ್ಲಿ ಕಾರಿಗಷ್ಟೇ ದಾರಿ. ಸೈಕಲ್ ತುಳಿಯುವ ಹಂಬಲವುಳ್ಳವನು ದೂರದ ಹಳ್ಳಿಗಾಡಿಗೆ ಹಣ ಕೊಟ್ಟು ಹೋಗುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ವ್ಯಾನ್ ಹಿಂದಿಟ್ಟುಕೊಂಡು ತುಳಿಯುವುದು ಸುಳ್ಳು ಸಾಹಸವೇ? ಹಾಗೆ ನನಗನ್ನಿಸುವುದಿಲ್ಲ. ವಾರಕ್ಕೆ ಐವತ್ತು ಗಂಟೆ ಕುರ್ಚಿಯಲ್ಲಿ ಕೂರುವ, ಮಂಡಿ ಸವೆದ, ಎಂಟೇ ದಿನ ರಜೆ ಸಿಗುವ ನಲವತ್ತೈದರ ಗೃಹಸ್ಥ ಆದಿ ಹಕೀಮ್ ಆಗಬೇಕಿಲ್ಲ. ವ್ಯಾನು ಇರುವುದರಿಂದಲೇ ಅವನ ಹೆಂಡತಿ, ಅರವತ್ತು ದಾಟಿದ ಅವನ ಅಕ್ಕ, ಹದಿನಾರರ ಮಗಳು ಕೂಡ ಘಟ್ಟ ಹತ್ತಬಹುದು. ನೆರವು ಪಡೆಯುವುದರಲ್ಲಿ ನಾಚಿಕೆಯಿಲ್ಲ. ಸ್ಟೀವನ್ಸ್‌ಗೂ ರೈಲುಹಳಿ ಬೇಕಾಯಿತು. ತೊಂದರೆ ಇರುವುದು ನೆರವನ್ನು ಲೆಕ್ಕದಿಂದ ಬಿಟ್ಟುಬಿಡುವುದರಲ್ಲಿ. ‘ನಾನು ಕಡಲಿಂದ ಕಡಲಿಗೆ ತುಳಿದೆ’ ಎಂಬ ವಾಕ್ಯದಲ್ಲಿ ವರ್ಕ್‌ಮನ್ ದಂಪತಿಯ ಕೂಲಿಗಳ ಹಾಗೆ ಮತ್ತೊಮ್ಮೆ ಒಂದಿಷ್ಟು ಜನ ಮರೆಯಾಗುತ್ತಾರೆ. ಬೆಳಗಿನ ನಾಲ್ಕಕ್ಕೆ ಎದ್ದು ಚೈನಿಗೆ ಎಣ್ಣೆ ಹಾಕಿದ ಹುಡುಗ. ದಿನವಿಡೀ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ನಮ್ಮ ಹಿಂದೆ ವ್ಯಾನ್ ಓಡಿಸಿದ ಚಾಲಕ. ಹನ್ನೆರಡು ಜನರ ಬ್ಯಾಗನ್ನು ಮೂರನೇ ಮಹಡಿಗೆ ಏರಿಸಿದ ಲಾಡ್ಜಿನ ಹುಡುಗ. ಅವನು ಯಾವುದೋ ಊರು ಬಿಟ್ಟು ಬಂದವನೇ. ಕರಾವಳಿಯಿಂದ ಹಡಗು ಹತ್ತಿ ಬಂದು ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ತಟ್ಟೆ ತೊಳೆದು ರಾತ್ರಿ ಶಾಲೆಗೆ ಹೋದ ನಮ್ಮ ಹಿಂದಿನ ತಲೆಮಾರಿನ ಹುಡುಗರಂತೆ.

ಮುಂದಿನ ಚಳಿಗಾಲಕ್ಕೆ ಇಂಥ ಯಾನದ ಯೋಚನೆಯಿರುವ ಗೆಳೆಯರು ಹೊರಡುವ ಮೊದಲು ಆಯೋಜಕರಿಗೆ ಎರಡು ಪ್ರಶ್ನೆ ಕೇಳಬಹುದು. ಚಾಲಕ, ಮೆಕ್ಯಾನಿಕ್, ಅಡುಗೆಯವರಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ, ಅವರಿಗೆ ವಿಮೆ ಇದೆಯೇ? ದಾರಿಯ ಊರುಗಳ ಬಗ್ಗೆ ಹೇಳಲು ಆ ಊರಿನವರೇ ಯಾರಾದರೂ ಸಿಗುತ್ತಾರೆಯೇ? ಸವಾರರಿಗೆ ಎನರ್ಜಿ ಬಾರ್ ಯಾವುದು ಎಂದು ಕೇಳುವಷ್ಟೇ ಸಹಜವಾಗಿ ಇವನ್ನೂ ಕೇಳಬಹುದು. ಇನ್ನು ಕೊನೆಯ ದಿನ ನೆಲ್ಲೂರಿನಾಚೆಯ ದಂಡೆಯಲ್ಲಿ ಮುಂದಿನ ಚಕ್ರ ನೀರಿಗಿಟ್ಟು ಗುಂಪಿನ ಫೋಟೋ ತೆಗೆಯುವಾಗ ವ್ಯಾನಿನವರನ್ನೂ ಕರೆದು ನಿಲ್ಲಿಸಿಕೊಳ್ಳಿ, ಕೆಳಗೆ ಅವರ ಹೆಸರನ್ನೂ ಬರೆಯಿರಿ.